ಸುಂದರನ ದನಿ ಏರಿದ ಕಾರಣ

1979ರಲ್ಲಿ ನಾನು ಮಂಗಳೂರಿನ ಒಂದು ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಆಡಿಯಾಲಜಿಸ್ಟ್ ಆಗಿದ್ದೆ. ಯಾರ ಕಿವಿಗೆ ಎಷ್ಟು ಕೇಳಿಸುತ್ತದೆ ಎಂದು ಅಳೆದು ಬರೆದುಕೊಡುವುದು ಈ ಹುದ್ದೆಯ ಕೆಲಸ. ಇಂಥದ್ದೊಂದು ಉದ್ಯೋಗ ಉಂಟೆಂದು ಊರಿನಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಹೋಟೆಲು ನಡೆಸುತ್ತಿದ್ದ ನನ್ನ ಮಾವಂದಿರು ನಾನು ಆಸ್ಪತ್ರೆಯಲ್ಲಿ ಕಿವಿಯ ಗುಗ್ಗೆ ತೆಗೆಯುತ್ತೇನೆಂದೇ ತಿಳಿದಿದ್ದರು. ನನಗೆ ಇಪ್ಪತ್ತಾರು ವರ್ಷ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎನ್ನುತ್ತಾರಲ್ಲ, ನನ್ನದೂ ಅದೇ ಹುರುಪು. ಬೇರೆಯವರ ತಪ್ಪು ಕಂಡರೆ ಸಹಿಸುತ್ತಿರಲಿಲ್ಲ. ನಾನೂ ತಪ್ಪಬಹುದು ಎಂಬ ಯೋಚನೆ ಮಾತ್ರ ಬಂದದ್ದಿಲ್ಲ.

ಆ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಮೊಳೆ ಕಾರ್ಖಾನೆಯಿಂದ ಪತ್ರ ಬಂತು. ಸುಂದರ ಎಂಬ ಕೆಲಸಗಾರನ ಕಿವಿ ಪರೀಕ್ಷಿಸಿ ವರದಿ ಕೊಡಬೇಕು ಎಂದು. ಪತ್ರ ತಂದ ಮ್ಯಾನೇಜರು ನನ್ನೆದುರು ಕೂತು ನಡೆದದ್ದನ್ನು ಹೇಳಿದರು.

ತಂತಿಯಿಂದ ಕತ್ತರಿಸಿದ ಮೊಳೆಗೆ ಹೊಳಪು ಬರಲು ಅದನ್ನು ಮರದ ಹುಡಿಯೊಂದಿಗೆ ದೊಡ್ಡ ಕಬ್ಬಿಣದ ಡ್ರಮ್ಮಿಗೆ ತುಂಬಿ ತಿರುಗಿಸುತ್ತಾರೆ. ಗೋಡೆಯ ಬಳಿ ಒಂದು ಹಿಡಿ ಇರುತ್ತದೆ. ಅದನ್ನು ಎಳೆದರೆ ಬೆಲ್ಟು ಸರಿದು ಡ್ರಮ್ಮು ತಿರುಗಲು ಶುರುವಾಗುತ್ತದೆ, ತಳ್ಳಿದರೆ ನಿಲ್ಲುತ್ತದೆ. ಹದಿನಾರು ವರ್ಷದಿಂದ ಆ ಹಿಡಿ ಸುಂದರನ ಕೈಯಲ್ಲಿತ್ತು. ಡ್ರಮ್ಮಿಗೆ ಮೊಳೆ ತುಂಬಿ ತೆಗೆಯುವ ಕೆಲಸ ಅವನ ತಂಗಿ ಲೀಲಾಳದ್ದು. ಅವಳನ್ನು ಅಲ್ಲಿಗೆ ಸೇರಿಸಿದವನೂ ಅವನೇ. ಅವಳು ಹಿಂದೆ ಸರಿದು ಕೈ ಎತ್ತಿದರೆ ಇವನು ಹಿಡಿ ಎಳೆಯಬೇಕು, ಅದು ಅಲ್ಲಿನ ಪದ್ಧತಿ. ಒಂದು ದಿನ ಊಟದ ಬಿಡುವು ಮುಗಿದು ಬೇರೆ ಯಂತ್ರಗಳು ಇನ್ನೂ ಶುರುವಾಗದ ಹೊತ್ತು. ಲೀಲಾಳ ಬಲಗೈ ಡ್ರಮ್ಮಿನ ಬಾಗಿಲೊಳಗೆ ಇತ್ತು. ಸುಂದರ ಹಿಡಿ ಎಳೆದ. ಡ್ರಮ್ಮಿನ ಸದ್ದು ಏರುವ ಮೊದಲೇ ಅವಳು ಕಿರುಚಿದಳು. ಶೆಡ್ಡಿನ ಆಚೆ ತುದಿಯವರೂ ಆ ಕೂಗು ಕೇಳಿ ಎದ್ದು ಓಡಿದರು. ಆದರೆ ಹತ್ತು ಹೆಜ್ಜೆ ದೂರದಲ್ಲಿ ಬೆಲ್ಟನ್ನೇ ನೋಡುತ್ತಾ ನಿಂತಿದ್ದ ಅಣ್ಣ ಹಿಡಿ ತಳ್ಳಲಿಲ್ಲ. ಇನ್ನೊಬ್ಬ ಓಡಿ ಬಂದು ತಳ್ಳುವಾಗ ಲೀಲಾಳ ನಾಲ್ಕು ಬೆರಳು ಹೋಗಿದ್ದವು.

"ಈಗ ಅವ ಹೇಳ್ತಾನೆ, ನಾನು ಕೆಪ್ಪ, ನನಗೆ ಕೇಳ್ಲಿಲ್ಲ ಅಂತ," ಎಂದರು ಮ್ಯಾನೇಜರು. "ಹದಿನಾರು ವರ್ಷ ಇಲ್ಲದ ಕೆಪ್ಪು ಈಗ ಎಲ್ಲಿಂದ ಬಂತು? ಹಿಂದಿನ ದಿವಸ ಅವಳ ಮದುವೆ ವಿಷಯದಲ್ಲಿ ಇಬ್ಬರಿಗೂ ಜಗಳ ಆಗಿತ್ತಂತೆ. ನಿಮಗೆ ಎಂತ ತೋರ್ತದೋ ಅದನ್ನೇ ಬರೆದು ಕೊಡಿ."

ಅವರು ಹೇಳದೆ ಬಿಟ್ಟ ಮಾತು ನನಗೆ ಅರ್ಥವಾಗಿತ್ತು. ಅವನು ನಿಜವಾಗಿ ಕಿವುಡನಾದರೆ, ಕಿವುಡನನ್ನು ಹಿಡಿಯ ಮುಂದೆ ನಿಲ್ಲಿಸಿದ ತಪ್ಪು ಕಾರ್ಖಾನೆಯದ್ದು. ಕೇಳಿಸುತ್ತದೆ ಎಂದಾದರೆ ತಪ್ಪು ಅವನೊಬ್ಬನದ್ದು. ಕಾರ್ಖಾನೆಯವರಿಗೆ ಬೇಕಾದದ್ದು ಯಾವುದೆಂದು ತಿಳಿಯಲು ಆಡಿಯಾಲಜಿ ಓದಬೇಕಾಗಿಲ್ಲ. ಆದರೂ ನಾನು ಯಾರ ಮುಲಾಜಿಗೂ ಬಿದ್ದು ವರದಿ ಬರೆದವಳಲ್ಲ. ನನ್ನ ತಪ್ಪಿಗೆ ನಾನೇ ಹೊಣೆ ಎಂಬುದಕ್ಕೆ ಇದನ್ನು ಹೇಳುತ್ತಿದ್ದೇನೆ.

ಸುಂದರ ಬಂದ. ಮೂವತ್ತೈದು ದಾಟಿದ ತೆಳ್ಳಗಿನ ಆಳು. ಕುಲಶೇಖರದಲ್ಲಿ ಮನೆ, ತಾಯಿ, ತಂಗಿ, ಇವನು. ನಮ್ಮ ಮಾತು ತುಳುವಿನಲ್ಲಿ ನಡೆಯಿತು. ಇಲ್ಲಿ ಅದನ್ನು ನಮ್ಮ ಊರಿನ ಕನ್ನಡಕ್ಕೆ ಇಳಿಸಿದ್ದೇನೆ. ನನ್ನ ತುಟಿಯ ಮೇಲೆಯೇ ಕಣ್ಣಿಟ್ಟು ಮಾತಾಡುತ್ತಿದ್ದ. ಸಣ್ಣದಿರುವಾಗ ಎರಡೂ ಕಿವಿ ಸೋರುತ್ತಿತ್ತಂತೆ. ಆಮೇಲೆ ಡ್ರಮ್ಮಿನ ಶಬ್ದ. ಕೇಳುವುದು ಕಡಿಮೆಯಾಗಿ ಬಹಳ ವರ್ಷವಾಯಿತು ಎಂದ.

"ಹಾಗಾದ್ರೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ.

"ಹೇಳಿದ್ರೆ ಹಿಡಿಯಿಂದ ತೆಗೀತಿದ್ರು ಮೇಡಂ. ಅಲ್ಲಿ ಯಾರಿಗೆ ಕೇಳ್ತದೆ? ಎಲ್ಲರೂ ಬಾಯಿ ನೋಡಿಯೇ ಮಾತಾಡುವುದು." ಮತ್ತೆ ಹೇಳಿದ. "ಡ್ರಮ್ಮಿನ ಆಚೆ ಇನ್ನೊಬ್ಬಳು ತಲೆಬಟ್ಟೆ ಸರಿ ಮಾಡ್ಲಿಕ್ಕೆ ಕೈ ಎತ್ತಿದಳು. ನಾನು ಲೀಲಾ ಅಂತ ಎಣಿಸಿದೆ. ಅದು ನನ್ನ ತಪ್ಪೇ. ಆದ್ರೆ ಅವಳು ಕೂಗಿದ್ದು ನನಗೆ ಕೇಳ್ಲಿಲ್ಲ. ನನ್ನ ತಂಗಿ ಅದು. ಕೇಳಿದ್ರೆ ನಿಲ್ಲಿಸದೆ ಇರ್ತೇನಾ?"

ಮೊದಲಿಗೆ ಸಾಮಾನ್ಯ ಪರೀಕ್ಷೆ ಮಾಡಿದೆ. ಹೆಡ್‌ಫೋನ್ ಹಾಕಿ, ಪೀ ಎಂಬ ಶಬ್ದ ಕೊಡುತ್ತಾ ಹೋಗುವುದು, ಕೇಳಿದಾಗ ಅವನು ಬೆರಳು ಎತ್ತುವುದು. ಶಬ್ದದ ಏರಿಳಿತವನ್ನು ಡೆಸಿಬೆಲ್ ಎಂಬ ಅಳತೆಯಲ್ಲಿ ಬರೆಯುತ್ತೇವೆ. ಮಾಮೂಲು ಮಾತುಕತೆ ಅರುವತ್ತರ ಆಸುಪಾಸು. ಅವನು ಒಮ್ಮೆ ತೊಂಬತ್ತಕ್ಕೆ ಬೆರಳೆತ್ತಿದ, ಅದೇ ಶಬ್ದಕ್ಕೆ ಇನ್ನೊಮ್ಮೆ ಎಪ್ಪತ್ತಕ್ಕೇ ಎತ್ತಿದ. ಕೆಲವೊಮ್ಮೆ ಶಬ್ದವೇ ಕೊಡದಿದ್ದಾಗ ಬೆರಳೆತ್ತಿದ. ಹೀಗೆ ಹೊಂದಾಣಿಕೆಯಿಲ್ಲದ ಉತ್ತರ ಬಂದರೆ ಕಿವುಡು ನಟಿಸುವವನೋ ಎಂದು ಸಂಶಯ ಪಡಬೇಕೆಂದು ನಮಗೆ ಕಲಿಸಿದ್ದರು. ನಾನು ಸಂಶಯಪಟ್ಟೆ. ಒಮ್ಮೆ ಸಂಶಯ ಹೊಕ್ಕ ಮೇಲೆ ಮನಸ್ಸು ಅದಕ್ಕೆ ಸಾಕ್ಷಿಯನ್ನೇ ಹುಡುಕುತ್ತದೆ.

ನಟನೆಯನ್ನು ಹಿಡಿಯಲು ನಮ್ಮಲ್ಲಿ ಎರಡು ಉಪಾಯಗಳಿದ್ದವು. ಎರಡರ ತಳದಲ್ಲಿಯೂ ಒಂದೇ ಸತ್ಯ. ಮನುಷ್ಯ ಮಾತಾಡುವಾಗ ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುತ್ತಾ, ಅದಕ್ಕೆ ತಕ್ಕಂತೆ ದನಿಯನ್ನು ತಿದ್ದಿಕೊಳ್ಳುತ್ತಾ ಹೋಗುತ್ತಾನೆ. ಆ ಕೇಳಿಕೆಯನ್ನು ಕೆಡಿಸಿದರೆ ಮಾತೂ ಕೆಡುತ್ತದೆ, ಅದನ್ನು ತಡೆಯುವುದು ಬಹಳ ಕಷ್ಟ. ಒಂದು ಪರೀಕ್ಷೆಯಲ್ಲಿ ಟೇಪ್ ರೆಕಾರ್ಡರಿನ ಸಹಾಯದಿಂದ ಅವನದ್ದೇ ಮಾತನ್ನು ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡಮಾಡಿ ಅವನ ಕಿವಿಗೆ ಕೊಡುತ್ತೇವೆ. ಕೇಳಿಸುವವನಾದರೆ ತೊದಲುತ್ತಾನೆ, ಅಕ್ಷರ ಎಳೆಯುತ್ತಾನೆ. ಇನ್ನೊಂದು ಇನ್ನೂ ಸರಳ. ಮದುವೆ ಚಪ್ಪರದಲ್ಲಿ ವಾಲಗ ಶುರುವಾದರೆ ಮಾತಾಡುತ್ತಿದ್ದವರು ತಮಗೆ ತಿಳಿಯದೆಯೇ ದನಿ ಏರಿಸುತ್ತಾರೆ. ವಾಲಗ ಥಟ್ಟನೆ ನಿಂತರೆ ಯಾರದ್ದೋ ಮನೆಯ ಗುಟ್ಟು ಇಡೀ ಚಪ್ಪರಕ್ಕೆ ಕೇಳುತ್ತದೆ. ಇದನ್ನೇ ಕೋಣೆಯೊಳಗೆ ಮಾಡುತ್ತೇವೆ. ಮಾತಾಡುತ್ತಿರುವವನ ಹೆಡ್‌ಫೋನಿಗೆ ಭುಸ್ಸೆನ್ನುವ ಶಬ್ದ ಬಿಟ್ಟಾಗ ಅವನ ದನಿ ಏರಿದರೆ, ಆ ಶಬ್ದ ಅವನಿಗೆ ಕೇಳಿಸಿತು ಎಂದು ಅರ್ಥ.

ತಡಮಾಡುವ ಪರೀಕ್ಷೆಗೆ ಅವನು ಓದಬೇಕಿತ್ತು. ಐದನೇ ಕ್ಲಾಸಿನವರೆಗೆ ಮಾತ್ರ ಹೋದವನು ಕನ್ನಡ ಪೇಪರನ್ನು ತಡವರಿಸುತ್ತಲೇ ಓದಿದ. ತಡಮಾಡಿ ಕೊಟ್ಟಾಗಲೂ ಅಷ್ಟೇ ತಡವರಿಸಿದ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅದು ಅವನ ಪರವಾದ ಸಾಕ್ಷಿ. ಆದರೆ ನಾನು, ಓದು ಬಾರದವನಾದ್ದರಿಂದ ಇದರಿಂದ ಏನೂ ತಿಳಿಯದು ಎಂದು ಬರೆದು ಬದಿಗಿಟ್ಟೆ.

ಎರಡನೆಯದಕ್ಕೆ ಓದುವುದು ಬೇಡ, ಬಾಯಿಪಾಠ ಇದ್ದದ್ದನ್ನು ಹೇಳಿದರೆ ಸಾಕು ಎಂದೆ. ಅವನು ತುಳು ತಿಂಗಳುಗಳನ್ನು ಹೇಳತೊಡಗಿದ. ಪಗ್ಗು, ಬೇಶ, ಕಾರ್ತೆಲು, ಆಟಿ, ಸೋಣ... ಮುಗಿದೊಡನೆ ಮತ್ತೆ ಮೊದಲಿನಿಂದ. ಮೈಕಿಗೆ ಬಾಯಿ ಹತ್ತಿರವಾಗಲಿ ಎಂದು ಅವನನ್ನು ನನಗೆ ಎದುರಾಗಿ ಕೂರಿಸಿದ್ದೆ. ಅವನು ಮೂರನೇ ಸುತ್ತಿನ ಆಟಿಗೆ ಬರುವಾಗ ನಾನು ಕೈ ಚಾಚಿ ಶಬ್ದದ ಸ್ವಿಚ್ಚು ಎಳೆದೆ. ಎಂಬತ್ತು ಡೆಸಿಬೆಲ್. ಅವನ ದನಿ ಅಳೆಯುವ ಮೀಟರಿನ ಮುಳ್ಳು ಚಂಗನೆ ಹಾರಿತು. ಸೋಣ, ನಿರ್ನಾಲ ಎಂದು ಅವನು ಹೆಚ್ಚುಕಡಿಮೆ ಕಿರುಚುತ್ತಿದ್ದ. ಸ್ವಿಚ್ಚು ತಳ್ಳಿದೆ, ದನಿ ಇಳಿಯಿತು. ಮತ್ತೆ ಎಳೆದೆ, ಏರಿತು. ಮೂರು ಸಲ ಮಾಡಿದೆ. ಮೂರು ಸಲವೂ ಅದೇ.

ನನಗೆ ಆದ ಖುಷಿಯನ್ನು ಇಂದಿಗೂ ಮರೆತಿಲ್ಲ, ನಾಚಿಕೆಯಾಗುತ್ತದೆ. ಕಳ್ಳನನ್ನು ಹಿಡಿದೆ ಎಂಬ ಖುಷಿ ಅದು. ಎಂಬತ್ತು ಡೆಸಿಬೆಲ್ ಕೇಳಿಸುವವನಿಗೆ ಹತ್ತು ಹೆಜ್ಜೆ ಆಚೆಯ ಕಿರುಚಾಟ ಕೇಳದಿರಲು ಸಾಧ್ಯವಿಲ್ಲ. ಹಾಗೆಯೇ ಬರೆದೆ. 'ಪರೀಕ್ಷಿತ ವ್ಯಕ್ತಿಯು ಕಿವುಡುತನವನ್ನು ನಟಿಸುತ್ತಿದ್ದಾನೆ. ಘಟನೆಯ ವೇಳೆ ಆತನಿಗೆ ಕೂಗು ಕೇಳಿಸಿರಲೇಬೇಕು.' ವಿಭಾಗದ ಹಿರಿಯ ವೈದ್ಯರು ಓದಿ, ಚೆನ್ನಾಗಿ ಬರೆದಿದ್ದೀ ಎಂದು ಸಹಿ ಹಾಕಿದರು. 'ಕೇಳಿಸಿರಲೇಬೇಕು' ಎಂಬಲ್ಲಿನ ಆ ಒತ್ತು ನನ್ನದೇ. ಯಾರೂ ಕೇಳಿರಲಿಲ್ಲ.

ಸುಂದರನನ್ನು ಕೆಲಸದಿಂದ ತೆಗೆದರು ಎಂದು ಆಮೇಲೆ ಕಿವಿಗೆ ಬಿತ್ತು. ನಾನು ಆ ಕಡತ ಮುಚ್ಚಿ ಬೇರೆ ಕಿವಿಗಳತ್ತ ತಿರುಗಿದೆ.

ಐದು ವರ್ಷ ಕಳೆಯಿತು. 1984ರಲ್ಲಿ ಅದೇ ಕಾರ್ಖಾನೆಗೆ ಹೊಸ ಮ್ಯಾನೇಜರು ಬಂದಿದ್ದರು. ಕೆಲಸಗಾರರಿಗೆ ಕಿವಿಗೆ ಇಡುವ ಬೆಣೆ ಕೊಡಿಸಬೇಕು, ಮೊದಲು ಶಬ್ದ ಎಷ್ಟುಂಟೆಂದು ಅಳೆದು ಕೊಡಿ ಎಂದು ಕರೆದರು. ಶಬ್ದ ಅಳೆಯುವ ಮೀಟರು ಹಿಡಿದು ನಾನು ಮೊದಲ ಬಾರಿಗೆ ಆ ಶೆಡ್ಡಿನೊಳಗೆ ಕಾಲಿಟ್ಟೆ. ಒಬ್ಬ ಮನುಷ್ಯನ ಬದುಕಿನ ತೀರ್ಪು ಬರೆಯುವ ಮೊದಲು ಅವನು ಕೆಲಸ ಮಾಡುವ ಜಾಗವನ್ನು ಒಮ್ಮೆ ನೋಡಬೇಕೆಂದು ನನಗೆ ಹೊಳೆದಿರಲಿಲ್ಲ.

ನಾನು ಹೋದಾಗ ಡ್ರಮ್ಮು ನಿಂತಿತ್ತು. ಇಬ್ಬರು ಹೆಂಗಸರು ಮೊಳೆ ತುಂಬಿ ಬಾಗಿಲು ಬಿಗಿದು, ಬದಿಗೆ ಬಂದು ಬಂಗುಡೆ ಮೀನಿನ ಕ್ರಯದ ವಿಷಯ ಮಾತಾಡುತ್ತಿದ್ದರು. ಒಬ್ಬಳು ಕೈ ಎತ್ತಿದಳು. ಫೋರ್‌ಮನ್ ವಾಸಣ್ಣ ಹಿಡಿಯತ್ತ ಕೈ ಚಾಚಿದರು. ಆ ಕ್ಷಣಕ್ಕೆ ಹೆಂಗಸರ ದನಿ ದುಪ್ಪಟ್ಟಾಯಿತು. ಬೆಲ್ಟು ಇನ್ನೂ ಸರಿದಿರಲಿಲ್ಲ. ಡ್ರಮ್ಮು ಒಂದು ಇಂಚೂ ಅಲುಗಿರಲಿಲ್ಲ. ಒಂದೆರಡು ಕ್ಷಣದ ಮೇಲೆ ಮೊಳೆಗಳ ಆ ಘೋರ ಸದ್ದು ಶುರುವಾಯಿತು, ಮುಳ್ಳು ನೂರು ದಾಟಿರಬೇಕು. ನಾನು ಮೀಟರನ್ನು ನೋಡುತ್ತಿರಲಿಲ್ಲ.

ಡ್ರಮ್ಮು ನಿಂತ ಮೇಲೆ ವಾಸಣ್ಣನ ಹತ್ತಿರ ಹೋಗಿ, ಈ ಸಲ ಹಿಡಿ ಮುಟ್ಟಿ, ಎಳೆಯಬೇಡಿ ಎಂದೆ. ಅವರು ಮುಟ್ಟಿದರು. ಸದ್ದಿಲ್ಲದ ಶೆಡ್ಡಿನಲ್ಲಿ ಹೆಂಗಸರಿಬ್ಬರೂ ಬಂಗುಡೆಯ ಕ್ರಯವನ್ನು ಕಿರುಚಿ ಹೇಳಿದರು. ಆಮೇಲೆ ತಮ್ಮ ದನಿ ತಮಗೇ ಕೇಳಿ ಸೆರಗು ಬಾಯಿಗಿಟ್ಟು ನಕ್ಕರು. ವಾಸಣ್ಣನೂ ನಕ್ಕರು.

"ಇಲ್ಲಿ ಎಲ್ಲರದ್ದೂ ಹಾಗೆಯೇ ಮೇಡಂ. ಕೈ ಹೋಗುವುದು ಕಂಡ್ರೆ ಬಾಯಿ ದೊಡ್ಡದಾಗ್ತದೆ. ಮನೆಯಲ್ಲಿ ಹೆಂಡತಿ ಮಿಕ್ಸಿಗೆ ಕೈ ಹಾಕಿದ್ರೂ ನಾನು ಬೊಬ್ಬೆ ಹೊಡೀತೇನೆ. ಅವಳು ಬೈತಾಳೆ."

ನನ್ನೆದುರು ಕೂತು ತಿಂಗಳು ಎಣಿಸುತ್ತಿದ್ದ ಮನುಷ್ಯನ ಕಣ್ಣ ಮುಂದೆಯೇ ನಾನು ಸ್ವಿಚ್ಚಿಗೆ ಕೈ ಚಾಚಿದ್ದೆ. ಬೆರಳೆತ್ತುವ ಪರೀಕ್ಷೆಯಲ್ಲಿ ಅವನಿಗೆ ನನ್ನ ಕೈ ಕಾಣದ ಹಾಗೆ ಅಡ್ಡ ಕೂರಿಸಿದ್ದೆ, ಅದು ನಿಯಮ. ತಿಂಗಳು ಹೇಳಿಸುವಾಗ ಮೈಕಿನ ಅನುಕೂಲಕ್ಕೆ ನಿಯಮ ಮುರಿದಿದ್ದೆ. ಹದಿನಾರು ವರ್ಷ ಹಿಡಿಯ ಬಳಿ ನಿಂತವನ ಗಂಟಲು ಏರಿದ್ದು ಕಿವಿಗೆ ಬಿದ್ದ ಶಬ್ದಕ್ಕಲ್ಲ, ಕಣ್ಣಿಗೆ ಬಿದ್ದ ಕೈಗೆ. ದನಿಯನ್ನು ತಿದ್ದುವುದು ಕಿವಿ ಮಾತ್ರ ಎಂದು ನಾನು ಪಾಠ ಓದಿದ್ದೆ. ಅಭ್ಯಾಸವೂ ತಿದ್ದುತ್ತದೆ, ಶಬ್ದ ಬರುವ ಮೊದಲೇ ತಿದ್ದುತ್ತದೆ ಎಂದು ಮೊಳೆ ತುಂಬುವ ಇಬ್ಬರು ಹೆಂಗಸರು ಕಲಿಸಿದರು.

ಹಳೆಯ ಕಡತ ತೆಗೆದು ನೋಡಿದೆ. ನಾನು ಬದಿಗಿಟ್ಟ ತಡಮಾತಿನ ಪರೀಕ್ಷೆ ಅಲ್ಲೇ ಇತ್ತು. ವರದಿ ತಪ್ಪು ಎಂದು ಕಾರ್ಖಾನೆಗೆ ಬರೆದೆ. ವಿಷಯ ಮುಗಿದಿದೆ ಎಂದು ಒಂದು ಸಾಲಿನ ಉತ್ತರ ಬಂತು. ಹಿರಿಯ ವೈದ್ಯರು, ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ, ಆಸ್ಪತ್ರೆಯ ಹೆಸರು ಯಾಕೆ ಹಾಳು ಮಾಡ್ತೀ ಎಂದರು. ಅವರ ಮಾತು ಮೀರಿ ನಾನು ಕಡತದಲ್ಲಿದ್ದ ವಿಳಾಸ ಹಿಡಿದು ಕುಲಶೇಖರಕ್ಕೆ ಹೋದೆ.

ಬಾಗಿಲು ತೆರೆದವಳು ಲೀಲಾ. ಸುಂದರ ಆ ಮನೆಯಲ್ಲಿರಲಿಲ್ಲ. ನಾನು ಯಾರು, ಯಾಕೆ ಬಂದೆ ಎಂದು ಜಗಲಿಯಲ್ಲಿ ಕೂತು ಹೇಳಿದೆ.

"ನಿಮ್ಮ ಕಾಗದ ಬರುವ ತನಕ ನಾನು ಅವನ ಪಕ್ಷವೇ ಇದ್ದೆ," ಎಂದಳು ಲೀಲಾ. "ಊರೆಲ್ಲ ಹೇಳಿದ್ರೂ ನಾನು ನಂಬ್ಲಿಲ್ಲ. ಆಸ್ಪತ್ರೆಯವರು ಮಿಶಿನ್‌ನಲ್ಲಿ ನೋಡಿ ಬರೆದಿದ್ದಾರೆ ಅಂದ ಮೇಲೆ ಎಂತ ಮಾಡುವುದು? ಅಮ್ಮ ಸಾಯುವಾಗ ಅವ ಬಂದಿದ್ದ. ನಾನು ಬಾಗಿಲಲ್ಲಿ ಅಡ್ಡ ನಿಂತೆ. ಒಳಗೆ ಬಿಡ್ಲಿಲ್ಲ."

ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ಒಳಗೆ ಹೋಗಿ ಸೀರೆ ಬದಲಿಸಿ ಬಂದು, ಹೋಗುವ ಎಂದಳು.

ಸುಂದರ ಕಾವೂರಿನಲ್ಲಿ ಒಬ್ಬರ ಅಂಗಳದಲ್ಲಿ ತೆಂಗಿನಕಾಯಿ ಸುಲಿಯುವ ಕೆಲಸಕ್ಕಿದ್ದ. ಬಸ್ಸಿಳಿದು ನಾವು ಹೋದಾಗ ಬೆನ್ನು ಹಾಕಿ ಸುಲಿಯುತ್ತಿದ್ದ. ಲೀಲಾ ಹಿಂದಿನಿಂದ ಕರೆದಳು. ತಿರುಗಲಿಲ್ಲ. ಇನ್ನೂ ಜೋರಾಗಿ ಅಣ್ಣ ಎಂದಳು. ತಿರುಗಲಿಲ್ಲ. ಅವಳು ನನ್ನನ್ನು ಒಮ್ಮೆ ನೋಡಿದಳು. ಆ ನೋಟವನ್ನು ನಾನು ವಿವರಿಸಲಾರೆ. ಆಮೇಲೆ ಸುತ್ತು ಹಾಕಿ ಅವನ ಎದುರಿಗೆ ಹೋಗಿ ನಿಂತಳು. ನಿನಗೆ ಕೇಳಿರಲಿಲ್ಲ, ನನಗೆ ಈಗ ಗೊತ್ತಾಯಿತು, ಮನೆಗೆ ಬಾ ಎಂದಳು. ಅವನಿಗೆ ಅದು ತಿಳಿಯಲಿಲ್ಲ. ತುಟಿ ನೋಡಿದರೆ ತಾನೆ ಮಾತು ತಿಳಿಯುವುದು? ಅವನು ನೋಡುತ್ತಿದ್ದುದು ಅವಳ ಬಲಗೈಯನ್ನು. ಲೀಲಾ ಆ ಕೈಯನ್ನು ಬೆನ್ನ ಹಿಂದೆ ಹಿಡಿದಳು. ಆಗ ಅವನು ಮುಖ ಎತ್ತಿದ. ಅವಳು ಮತ್ತೊಮ್ಮೆ ಮೊದಲಿನಿಂದ ಹೇಳಿದಳು.

ಅವನು ತಲೆ ಅಲ್ಲಾಡಿಸಿದ. "ಇಲ್ಲ ಲೀಲಾ. ಕೇಳಿತ್ತು," ಎಂದ.

ಸಂಕಟಕ್ಕೆ ಹಾಗೆ ಹೇಳುತ್ತಿದ್ದಾನೆ ಎಂದುಕೊಂಡೆ. ಮರುವಾರ ಇಬ್ಬರನ್ನೂ ಆಸ್ಪತ್ರೆಗೆ ಕರೆಸಿ ಅದೇ ಪರೀಕ್ಷೆಯನ್ನು ಮತ್ತೆ ಮಾಡಿದೆ. ಈ ಸಲ ಸ್ವಿಚ್ಚಿಗೆ ರಟ್ಟು ಅಡ್ಡ ಇಟ್ಟೆ. ಪಗ್ಗು, ಬೇಶ, ಕಾರ್ತೆಲು. ಎಂಬತ್ತು ಡೆಸಿಬೆಲ್ ಕೊಟ್ಟೆ, ದನಿ ಅಲುಗಲಿಲ್ಲ. ತೊಂಬತ್ತು ಕೊಟ್ಟೆ, ಅಲುಗಲಿಲ್ಲ. ರಟ್ಟು ತೆಗೆದು, ಶಬ್ದವನ್ನೇ ಬಿಡದೆ ಬರಿದೇ ಕೈ ಚಾಚಿದೆ. ದನಿ ಏರಿತು. ಪಕ್ಕದಲ್ಲಿ ಕೂತಿದ್ದ ಲೀಲಾ ಅಳಲು ಶುರು ಮಾಡಿದಳು. ನಾನು ಸುಂದರನ ಎದುರು ಕೂತು ನಿಧಾನವಾಗಿ, ತುಟಿ ಕಾಣುವಂತೆ ಎಲ್ಲವನ್ನೂ ಬಿಡಿಸಿ ಹೇಳಿದೆ. ತಪ್ಪು ನನ್ನದು, ನಿನಗೆ ಆ ದಿನ ಕೇಳಿರಲು ಸಾಧ್ಯವೇ ಇಲ್ಲ ಎಂದೆ.

ಅವನು ತಾಳ್ಮೆಯಿಂದ ನನ್ನ ತುಟಿ ನೋಡುತ್ತಾ ಕೂತ. ನನಗೆ ಸಮಾಧಾನ ಹೇಳುವವನ ಹಾಗೆ ಮೆಲ್ಲಗೆ ಉತ್ತರಿಸಿದ.

"ನೀವು ಮೊದಲು ಬರೆದದ್ದೇ ಸರಿ ಮೇಡಂ. ಮೊದಮೊದಲು ನನಗೂ ಕೇಳ್ಲಿಲ್ಲ ಅಂತಲೇ ಇತ್ತು. ನೀವು ಬರೆದ ಮೇಲೆ ಕೂತು ಆಲೋಚನೆ ಮಾಡಿದೆ. ಕಿವಿಯೊಳಗೆ ದಿನಾ ಕೂಗ್ತದೆ, ಸಪೂರಕ್ಕೆ. ಹಗಲೂ ಉಂಟು, ಮಲಗಿದ್ರೂ ಉಂಟು. ಅದು ಅವಳದ್ದೇ ದನಿ. ಅವತ್ತು ಕೇಳದೆ ಇದ್ರೆ ಈಗ ಎಲ್ಲಿಂದ ಬರ್ಬೇಕು ಅದು?"

ಶಬ್ದದಿಂದ ಹಾಳಾದ ಕಿವಿಯೊಳಗೆ ಹೊರಗಿಲ್ಲದ ಕೀರಲು ಸದ್ದು ಕೇಳುತ್ತಿರುತ್ತದೆ. ಅದಕ್ಕೆ ಟಿನಿಟಸ್ ಎನ್ನುತ್ತೇವೆ. ನಮ್ಮ ವಿಭಾಗಕ್ಕೆ ಬರುವ ಕಾರ್ಖಾನೆಯವರಲ್ಲಿ ತೀರ ಸಾಮಾನ್ಯ. ಪೀ ಎಂಬ ಪರೀಕ್ಷೆಯಲ್ಲಿ ಅವನು ಸುಮ್ಮಸುಮ್ಮನೆ ಬೆರಳೆತ್ತಿದ್ದೂ, ಎಪ್ಪತ್ತು ತೊಂಬತ್ತು ಎಂದು ತಡಕಾಡಿದ್ದೂ ಅದರಿಂದಲೇ. ಕಿವಿಯೊಳಗೆ ಏನಾದರೂ ಸದ್ದು ಉಂಟೇ ಎಂಬ ಪ್ರಶ್ನೆ ನಮ್ಮ ಫಾರಮ್ಮಿನಲ್ಲೇ ಅಚ್ಚಾಗಿರುತ್ತದೆ. ಅವನ ಫಾರಮ್ಮು ತೆಗೆದು ನೋಡಿದೆ. ಆ ಪ್ರಶ್ನೆಯ ಮುಂದೆ ಜಾಗ ಖಾಲಿ ಇತ್ತು. ನಟಿಸುವವನಿಗೆ ಅದನ್ನೆಲ್ಲ ಯಾಕೆ ಕೇಳುವುದು ಎಂದು ನಾನು ಬಿಟ್ಟಿದ್ದೆ.

ಟಿನಿಟಸ್ ಎಂದರೇನೆಂದು ಅವನಿಗೆ ಚಿತ್ರ ಬರೆದು ವಿವರಿಸಿದೆ. ಲೀಲಾಳೂ ವಿವರಿಸಿದಳು. ಅವಳು ಅವನನ್ನು ಮನೆಗೆ ಕರೆದುಕೊಂಡು ಹೋದಳು, ತನ್ನ ಎಡಗೈಯಿಂದ ಅನ್ನ ಬಡಿಸಿದಳು. ಆಮೇಲೆಯೂ ಅವರನ್ನು ನಾನು ಹಲವು ಸಲ ಕಂಡಿದ್ದೇನೆ. ಅವನು ಎಲ್ಲದಕ್ಕೂ ತಲೆಯಾಡಿಸುತ್ತಿದ್ದ. ನಂಬಲಿಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಾನು ಆಮೇಲೆ ನನ್ನ ಕೈಕೆಳಗೆ ಕಲಿತ ವಿದ್ಯಾರ್ಥಿಗಳಿಗೆ ಹೇಳುತ್ತಾ ಬಂದೆ. ಆ ಬಳಿಕ ನನ್ನ ವರದಿಗಳಲ್ಲಿ 'ಇಂಥ ಹೊತ್ತಿಗೆ ದನಿ ಏರಿತು' ಎಂದಷ್ಟೇ ಬರೆದೆ, ಯಾಕೆ ಏರಿತೆಂದು ತೀರ್ಪು ಕೊಡಲಿಲ್ಲ. ಇದು ಕೆಲಸ ಕಲಿಸಿದ ಪಾಠ, ಯಾರಿಗಾದರೂ ಉಪಯೋಗವಾದೀತು. ಸುಂದರನಿಗೆ ಆಗಲಿಲ್ಲ. ಬರೆದ ವರದಿಯನ್ನು ತಿದ್ದಲು ನನಗೆ ಒಂದು ಹಾಳೆ ಸಾಕಾಯಿತು. ಅದನ್ನು ನಂಬಿದವರಲ್ಲಿ ಒಬ್ಬಳು ಐದು ವರ್ಷದ ಮೇಲೆ ಮನಸ್ಸು ಬದಲಿಸಿದಳು. ಇನ್ನೊಬ್ಬ ಕೊನೆಯವರೆಗೂ, ತಂಗಿ ಕೂಗಿದ್ದು ಕೇಳಿಯೂ ತಾನು ಕೈ ಕಟ್ಟಿ ನಿಂತೆನೆಂದೇ ತಿಳಿದು ಬದುಕಿದ.